ವಿಕಲಚೇತನರು, ಹಿರಿಯರ ಜೊತೆ ಕೂತು ಆಪ್ ಡಿಸೈನ್ ಮಾಡೋದು ಹೇಗೆ: ಸಮಗ್ರ ಮಾರ್ಗದರ್ಶಿ

ಪಿಂಚಣಿ ಅರ್ಜಿ, ಆದಾಯ ಸರ್ಟಿಫಿಕೇಟು, ಕರೆಂಟ್ ಬಿಲ್ಲು, ಬಸ್ ಪಾಸು, ಬ್ಯಾಂಕಿನ ಕೆವೈಸಿ, ಎಲ್ಲಾ ಈಗ ಫೋನಲ್ಲೇ. ಇವನ್ನ ಮಾಡೋ ಟೀಮ್‌ಗಳಲ್ಲಿ ಇರೋರು ಹೆಚ್ಚಾಗಿ ಸಣ್ಣ ವಯಸ್ಸಿನೋರು, ಕಣ್ಣು ಕಿವಿ ಕೈ ಚುರುಕಾಗಿರೋರು, ಒಳ್ಳೆ ಫೋನು ಒಳ್ಳೆ ವೈಫೈ ಇರೋರು. ಬಳಸ್ಬೇಕಾದೋರೆಲ್ಲಾ ಹಾಗಿರಲ್ಲ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಮೇಲೆ ವಿಕಲಚೇತನರಿದ್ರು, ದೇಶದಲ್ಲಿ 60 ದಾಟಿದೋರು 10 ಕೋಟಿಗೂ ಜಾಸ್ತಿ ಇದ್ರು, ಅದಾಗಿ ಎಷ್ಟು ವರ್ಷ ಆಯ್ತು ನೋಡಿ.

ಸಾಮಾನ್ಯವಾಗಿ ಆಗೋದೇನಂದ್ರೆ ಆಪ್ ಪೂರ್ತಿ ಮುಗ್ದು ಲಾಂಚ್‌ಗೆ ಒಂದು ವಾರ ಇರುವಾಗ ಯಾವ್ದೋ ಸಂಸ್ಥೆಯಿಂದ ಕಣ್ಣು ಕಾಣದ ಒಬ್ರನ್ನ ಕರ್ಸಿ, ಅರ್ಧ ಗಂಟೆ ತೋರ್ಸಿ, ಫೋಟೋ ತೆಗೆಸ್ಕೊಂಡು, ಎರಡು ಬಟನ್‌ಗೆ ಲೇಬಲ್ ಹಾಕಿ ಕೈ ತೊಳ್ಕೊಳ್ತಾರೆ. ಅಷ್ಟೊತ್ತಿಗೆ ಒಟಿಪಿ ಯಾರ ನಂಬರಿಗೆ ಹೋಗ್ಬೇಕು, ಮುಖ ತೋರಿಸ್ಬೇಕಾ ಬೆರಳು ಒತ್ತಬೇಕಾ, ಯಾವ ದಾಖಲೆ ಅಪ್‌ಲೋಡ್ ಮಾಡ್ಬೇಕು ಇದೆಲ್ಲಾ ಗಟ್ಟಿಯಾಗಿ ಹೋಗಿರತ್ತೆ, ಮುಟ್ಟೋಕೆ ಯಾರೂ ಒಪ್ಪಲ್ಲ. ಅದಕ್ಕೇ ಹೇಳ್ತಿರೋದು, ಬದಲಾಯಿಸೋಕೆ ಇನ್ನೂ ಜಾಗ ಇರೋ ಹೊತ್ತಲ್ಲೇ ಅವರನ್ನ ಕರೀಬೇಕು, ಅವರ ಮಾತಿಂದ ಡಿಸೈನ್ ನಿಜವಾಗ್ಲೂ ಬದಲಾಗ್ಬೇಕು. ಈ ಗೈಡ್ ಪೂರ್ತಿ ಅದರ ಬಗ್ಗೆನೇ. ಉದಾಹರಣೆಗೆ 65 ದಾಟಿದೋರು ಸಂಧ್ಯಾ ಸುರಕ್ಷಾ ಥರದ ಪಿಂಚಣಿಗೆ ಮನೇಲೇ ಕೂತು ಅರ್ಜಿ ಹಾಕೋ ಆಪ್ ಮಾಡ್ತಿದೀವಿ ಅಂತ ಇಟ್ಕೊಳ್ಳೋಣ, ಬೇರೆ ಸೇವೆ ಆದ್ರೂ ದಾರಿ ಇದೇ.

ಹಂತ 1: ಮೊದ್ಲು ನಿಮ್ಮ ಆಫೀಸನ್ನೇ ಒಪ್ಸಿ

ಇದಕ್ಕೆ ಸಮಯ, ದುಡ್ಡು ಎರಡೂ ಬೇಕು, ಮೇಲಿನೋರು ಒಪ್ದೇ ಇದ್ರೆ ಮುಂದಿನ ಹಂತ ಯಾವ್ದೂ ನಡೆಯಲ್ಲ. ಮಾನವೀಯತೆ ಅಂತ ಹೇಳಿದ್ರೆ ತಲೆ ಆಡಿಸ್ತಾರೆ, ಬಜೆಟ್ ಕೊಡಲ್ಲ, ಕಾನೂನು ತೋರಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನ ಗುರುತಿಸತ್ತೆ, ಅದರ 42ನೇ ಸೆಕ್ಷನ್ ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಬಳಸೋಕೆ ಆಗೋ ಹಾಗಿರ್ಬೇಕು ಅನ್ನೋದರ ಬಗ್ಗೆನೇ ಇದೆ. 2024ರ ನವೆಂಬರ್ 8ಕ್ಕೆ ರಾಜೀವ್ ರಾತೂರಿ ಕೇಸಲ್ಲಿ ಸುಪ್ರೀಂ ಕೋರ್ಟು, ಇದೇ ಕಾಯ್ದೆ ಕೆಳಗೆ ಬಂದ 2017ರ ನಿಯಮಗಳ 15(1) ಬರೀ ಸಲಹೆ ಥರ ಇದೆ, ಕಾಯ್ದೆಗೆ ಹೊಂದಲ್ಲ, ಕಡ್ಡಾಯ ನಿಯಮ ತನ್ನಿ ಅಂತ ಕೇಂದ್ರಕ್ಕೆ ಹೇಳ್ತು. 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ತೀರ್ಪು ಇನ್ನೂ ಮುಖ್ಯ. ಆಸಿಡ್ ದಾಳಿಗೆ ಸಿಕ್ಕಿ ಕಣ್ಣು ಮಿಟುಕಿಸೋಕೆ ಆಗದೋರು ಬ್ಯಾಂಕಿನ ಡಿಜಿಟಲ್ ಕೆವೈಸಿ ಮಾಡೋಕಾಗ್ದೆ ಕೋರ್ಟಿಗೆ ಹೋಗಿದ್ರು, ಕಣ್ಣು ಕಾಣದ ವಕೀಲರೊಬ್ರೂ ಹೋಗಿದ್ರು. ಡಿಜಿಟಲ್ ಸೇವೆ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕೋ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿ 20 ನಿರ್ದೇಶನ ಕೊಡ್ತು, ಆಪ್ ಡಿಸೈನ್ ಮಾಡುವಾಗ ಟೆಸ್ಟಿಂಗ್‌ಗೆ ಕಣ್ಣು ಕಾಣದೋರನ್ನ ಸೇರಿಸ್ಕೊಳ್ಳಿ ಅನ್ನೋದೂ ಅದರಲ್ಲಿದೆ. ಈ ತೀರ್ಪನ್ನ ಪ್ರಿಂಟ್ ತೆಗೆದು ಮೀಟಿಂಗಿಗೆ ತಗೊಂಡು ಹೋಗಿ, ಮಾತು ಬೇರೆ ಥರ ನಡೆಯತ್ತೆ.

ಅದೇ ಮೀಟಿಂಗಲ್ಲಿ ಇನ್ನೊಂದು ಇತ್ಯರ್ಥ ಮಾಡ್ಕೊಳ್ಳಿ. ಯಾವ್ಯಾವ್ದು ಬದಲಾಯಿಸೋಕೆ ಆಗತ್ತೆ, ಯಾವ್ದು ಕಾನೂನಿಂದಾಗಿ ಆಗಲ್ಲ, ಜನ ಹೇಳಿದ್ದನ್ನ ಒಪ್ಪೋ ಅಧಿಕಾರ ಯಾರಿಗಿದೆ, ಅವರ ಹೆಸರು ಬರ್ದಿಡಿ. ಬರೋರ ಹತ್ರ ಏನು ಕೇಳ್ತೀವಿ ಏನು ಕೇಳಲ್ಲ ಅಂತ ಪ್ರಾಮಾಣಿಕವಾಗಿ ಹೇಳೋಕೆ ಇದು ಬೇಕು.

ಹಂತ 2: ಯಾರ್ಯಾರು ಬೇಕು

ವೈಕಲ್ಯ ಅಂದ ತಕ್ಷಣ ಗಾಲಿಕುರ್ಚಿ, ಕಪ್ಪು ಕನ್ನಡಕ ಎರಡೇ ನೆನಪಾಗತ್ತೆ. ಪಿಂಚಣಿ ಆಪ್‌ಗೆ ನಾನಾದ್ರೆ ಮೊದಲ ಸುತ್ತಿಗೆ ಎಂಟು ಹತ್ತು ಜನರನ್ನ ಹೀಗೆ ಹುಡುಕ್ತೀನಿ: ಪೂರ್ತಿ ಕಣ್ಣು ಕಾಣದೆ ಟಾಕ್‌ಬ್ಯಾಕ್ (ಆಂಡ್ರಾಯ್ಡ್ ಫೋನಲ್ಲಿ ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್) ಬಳಸೋ ಇಬ್ರು, ಒಬ್ರು ಪಳಗಿದೋರು ಒಬ್ರು ಹೊಸಬ್ರು. ಮಂಜು ಮಂಜಾಗಿ ಕಾಣೋರು ಒಬ್ರು, ಇವರು ಸ್ಕ್ರೀನ್ ರೀಡರ್ ಬಳಸಲ್ಲ, ಅಕ್ಷರ ದೊಡ್ಡದು ಮಾಡ್ಕೊಂಡು ಮೂಗಿನ ಹತ್ರ ಹಿಡ್ಕೊಂಡು ಓದ್ತಾರೆ. ಸನ್ನೆ ಭಾಷೆ ಬಳಸೋ ಕಿವುಡರು ಒಬ್ರಿಬ್ರು. ಕೈ ನಡುಗೋರು ಅಥವಾ ಒಂದೇ ಕೈಯಲ್ಲಿ ಫೋನ್ ಬಳಸೋರು. ಓದೋದು ಬರೆಯೋದು ಕಷ್ಟ ಆಗೋರು, ಬುದ್ಧಿ ಬೆಳವಣಿಗೆ ನಿಧಾನ ಇರೋರು. ಕುಷ್ಠ ಗುಣವಾದ್ಮೇಲೂ ಬೆರಳು ಸರಿಯಿಲ್ಲದೋರು. ಮತ್ತೆ ಹಿರಿಯರು.

ಹಿರಿಯರ ವಿಷಯ ಸ್ವಲ್ಪ ಬೇರೆ. ಒಬ್ಬ ಅಜ್ಜಿಗೆ ಪೊರೆ ಬಂದಿದೆ, ಶುಗರಿಂದ ಬೆರಳ ತುದಿ ಜೋಮು ಹಿಡ್ದಿದೆ, ಒಂದು ಕಿವಿ ಮಂದ, ಆದ್ರೆ ನಿಮಗೇನಾದ್ರೂ ವೈಕಲ್ಯ ಇದ್ಯಾ ಅಂತ ಕೇಳಿದ್ರೆ "ಅಯ್ಯೋ ಇಲ್ಲಪ್ಪಾ, ವಯಸ್ಸಾಯ್ತಲ್ಲ ಅಷ್ಟೆ" ಅಂತಾರೆ. ಹಾಗಾಗಿ ಹಿರಿಯರನ್ನ ಆರಿಸುವಾಗ ಕಾಯಿಲೆ ಹೆಸರು ಕೇಳ್ಬೇಡಿ. ಪೇಪರ್ ಓದೋಕಾಗತ್ತಾ, ಫೋನಲ್ಲಿ ಮಾತು ಕೇಳ್ಸತ್ತಾ, ಮೆಸೇಜ್ ಬಂದ್ರೆ ನೀವೇ ನೋಡ್ತೀರಾ ಮೊಮ್ಮಗಳ ಕೈಗೆ ಕೊಡ್ತೀರಾ, ಹೀಗೆ ಕೇಳಿ. ಸ್ವಂತ ಫೋನೇ ಇಲ್ಲದೋರನ್ನೂ ಬಿಡ್ಬೇಡಿ, ಅವರ ಅರ್ಜಿ ಹಾಕೋದು ಮಗನೋ ಗ್ರಾಮ ಒನ್ ಸೆಂಟರಿನ ಹುಡುಗನೋ, ಹಾಗಿರುವಾಗ ಆ ಹುಡುಗನೂ ನಿಮ್ಮ ಬಳಕೆದಾರನೇ.

ಊರು, ಜಾತಿ, ಹೆಣ್ಣು ಗಂಡು, ಭಾಷೆ ಇದೂ ಕಲಸಿರ್ಬೇಕು. ಬೆಂಗಳೂರಲ್ಲಿ ಇಂಗ್ಲಿಷ್ ಬರೋ, ಐಟಿ ಕೆಲಸದಲ್ಲಿರೋ ದೃಷ್ಟಿಹೀನರೊಬ್ಬರಿಗೂ ಯಾದಗಿರಿಯ ಹಳ್ಳಿಯಲ್ಲಿರೋ ದೃಷ್ಟಿಹೀನ ಹೆಣ್ಣುಮಗಳಿಗೂ ಬೇಕಾಗಿರೋದು ಒಂದೇ ಅಲ್ಲ.

ಹಂತ 3: ಹುಡುಕೋದು ಎಲ್ಲಿ

ಬೆಂಗಳೂರಲ್ಲಿದ್ರೆ ವಿಕಲಚೇತನರ ಜೊತೆ ಕೆಲ್ಸ ಮಾಡೋ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ), ಎನೇಬಲ್ ಇಂಡಿಯಾ, ಮಿತ್ರ ಜ್ಯೋತಿ, ಸಮರ್ಥನಂ ಥರದ ಸಂಸ್ಥೆಗಳನ್ನ ಕೇಳ್ಬಹುದು. ಮೈಸೂರಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಹಳ್ಳಿ ಕಡೆ ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆ ದಾರಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಂಚಾಯ್ತಿಗಳಲ್ಲಿ ಕೆಲ್ಸ ಮಾಡೋ ಇವರನ್ನ ವಿಆರ್‌ಡಬ್ಲ್ಯೂ ಅಂತಾರೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ ಇರ್ತಾರೆ. ಇವರಲ್ಲಿ ಹೆಚ್ಚಿನೋರು ತಾವೇ ವಿಕಲಚೇತನರು, ಯಾವ ಮನೇಲಿ ಯಾರಿದಾರೆ, ಯಾರ ಅರ್ಜಿ ಎಲ್ಲಿ ನಿಂತಿದೆ ಅನ್ನೋದು ಇವರ ಬಾಯಲ್ಲೇ ಇರತ್ತೆ. ಇವರನ್ನ ಬರೀ ಜನ ಸೇರಿಸೋಕೆ ಬಳಸ್ಕೋಬೇಡಿ, ಮೊದಲ ಮಾತುಕತೆ ಇವರ ಜೊತೆನೇ ಮಾಡಿ, ಅರ್ಧ ಸಮಸ್ಯೆ ಅಲ್ಲೇ ಗೊತ್ತಾಗತ್ತೆ.

ಹಿರಿಯರಿಗೆ ಪೋಸ್ಟ್ ಆಫೀಸಿನ ಪಿಂಚಣಿ ಸಾಲು, ಹಿರಿಯ ನಾಗರಿಕರ ವೇದಿಕೆಗಳು, ದೇವಸ್ಥಾನದ ಕಟ್ಟೆ, ಬೆಳಗ್ಗೆ ಪಾರ್ಕು. ಮನೆಯಿಂದ ಹೊರಗೇ ಬರೋಕಾಗದೋರು ಇಲ್ಲೆಲ್ಲೂ ಸಿಗಲ್ಲ, ಅವರಿಗೆ ಆಶಾ ಕಾರ್ಯಕರ್ತೆಯರನ್ನ ಕೇಳಿ. ಒಂದೇ ಸಂಸ್ಥೆಯ ಅದೇ ಮೂರು ಮುಖಗಳನ್ನ ಪ್ರತಿ ಪ್ರಾಜೆಕ್ಟಿಗೂ ಕರೀಬೇಡಿ, ಅವರು ಆಗ್ಲೇ ಎಕ್ಸ್‌ಪರ್ಟ್ ಆಗಿರ್ತಾರೆ, ಹೊಸಬರಿಗೆ ಎಲ್ಲಿ ತಡೆಯಾಗತ್ತೆ ಅನ್ನೋದು ಅವರಿಂದ ಕಾಣ್ಸಲ್ಲ.

ಹಂತ 4: ದುಡ್ಡು, ಒಪ್ಪಿಗೆ, ಜಾಗ

ಬಂದೋರಿಗೆ ಸಂಭಾವನೆ ಕೊಡ್ಬೇಕು. ಟೀ ಬಿಸ್ಕೆಟ್ಟು, ಕಂಪನಿ ಮಗ್ಗು, ಸರ್ಟಿಫಿಕೇಟು ಇವು ಸಂಭಾವನೆ ಅಲ್ಲ. ನಿಮ್ಮ ಕನ್ಸಲ್ಟೆಂಟ್‌ಗೆ ಗಂಟೆ ಲೆಕ್ಕದಲ್ಲಿ ಕೊಡ್ತೀರಿ, ಇವರೂ ನಿಮಗೆ ಗೊತ್ತಿಲ್ಲದ್ದನ್ನ ಹೇಳ್ಕೊಡೋಕೆ ಬಂದಿರೋರು. ಕೂಲಿ ಬಿಟ್ಟು ಬಂದಿದ್ರೆ ಕನಿಷ್ಠ ಆ ದಿನದ ಕೂಲಿಗಿಂತ ಜಾಸ್ತಿ ಇರ್ಲಿ, ಆಟೋ ಖರ್ಚು ಬೇರೆ, ಜೊತೆಗೆ ಬಂದೋರ ಖರ್ಚೂ ಬೇರೆ, ಅದೇ ದಿನ ಕೈಗೆ ಸಿಗ್ಲಿ. ಬಿಲ್ ಪಾಸಾಗೋಕೆ 45 ದಿನ ಅಂತ ಅವರನ್ನ ಕಾಯ್ಸೋದು ತಪ್ಪು. ಸನ್ನೆ ಭಾಷೆ ಅನುವಾದಕರನ್ನ ಮುಂಚೆನೇ ಬುಕ್ ಮಾಡಿ, ಒಂದು ಗಂಟೆಗಿಂತ ಉದ್ದ ಇದ್ರೆ ಇಬ್ರು ಬೇಕು, ಅದು ಸುಸ್ತಾಗೋ ಕೆಲ್ಸ, 20-30 ನಿಮಿಷಕ್ಕೊಮ್ಮೆ ಬದಲಾಯಿಸ್ಕೊಳ್ತಾರೆ. ಮನೆಯೋರನ್ನೇ ಅನುವಾದಕರನ್ನಾಗಿ ಮಾಡ್ಬೇಡಿ, ಅವರು ಹೇಳಿದ್ದನ್ನ ಇವರು ಚಿಕ್ಕದು ಮಾಡಿ ಹೇಳ್ತಾರೆ.

ಒಪ್ಪಿಗೆ ಪತ್ರ ನಾಲ್ಕು ಪುಟ ಇರೋದು ಬೇಡ. ಯಾಕೆ ಕರ್ದಿದೀವಿ, ಏನು ರೆಕಾರ್ಡ್ ಮಾಡ್ತೀವಿ, ಯಾರು ನೋಡ್ತಾರೆ, ಯಾವಾಗ ಅಳಿಸ್ತೀವಿ, ಬೇಡ ಅನ್ಸಿದ್ರೆ ಮಧ್ಯದಲ್ಲೇ ಎದ್ದು ಹೋಗ್ಬಹುದು ಆಗ್ಲೂ ದುಡ್ಡು ಸಿಗತ್ತೆ, ಇಷ್ಟನ್ನ ಕನ್ನಡದಲ್ಲಿ ಓದಿ ಹೇಳಿ, ಸನ್ನೆಯಲ್ಲಿ ಹೇಳ್ಸಿ, ಬಾಯಿಮಾತಿನ ಒಪ್ಪಿಗೆ ರೆಕಾರ್ಡ್ ಮಾಡ್ಕೊಳ್ಳಿ. "ಇದಕ್ಕೂ ನಿಮ್ಮ ಪಿಂಚಣಿಗೂ ಏನೂ ಸಂಬಂಧ ಇಲ್ಲ" ಅಂತ ಮೂರು ಸಲ ಹೇಳಿ. ತಪ್ಪು ಒತ್ತಿದ್ರೆ ದುಡ್ಡು ನಿಂತು ಹೋಗತ್ತೆ ಅನ್ನೋ ಭಯದಲ್ಲಿ ಎಷ್ಟೋ ಜನ ಬಾಯೇ ಬಿಡಲ್ಲ. ಆಧಾರ್ ಕಾಪಿ ಕೇಳ್ಲೇಬೇಡಿ, ಟೆಸ್ಟಿಂಗ್‌ಗೆ ಸುಳ್ಳು ಹೆಸರು ನಂಬರಿನ ಡಮ್ಮಿ ದಾಖಲೆ ರೆಡಿ ಮಾಡಿ. ಬುದ್ಧಿ ಬೆಳವಣಿಗೆ ನಿಧಾನ ಇರೋರ ವಿಷಯದಲ್ಲಿ ಪೋಷಕರ ಸಹಿ ಆಯ್ತು ಅಂತ ಸುಮ್ನಾಗ್ಬೇಡಿ, ಅವರನ್ನೂ ಅವರ ಮಾತಲ್ಲೇ ಕೇಳಿ.

ಜಾಗ ಸಾಧ್ಯವಾದಷ್ಟು ಅವರದ್ದೇ ಇರ್ಲಿ. ಅವರ ಮನೆ, ಅವರ ಫೋನು, ಅವರ ಸೆಟ್ಟಿಂಗು. ಒಡೆದ ಸ್ಕ್ರೀನು, ತುಂಬಿ ಹೋಗಿರೋ ಮೆಮೊರಿ, ಒಳಗೆ ಬಂದ್ರೆ ಸಿಗ್ನಲ್ ಇಲ್ಲ, ಇದೆಲ್ಲಾ ನಿಮ್ಮ ಲ್ಯಾಬಲ್ಲಿ ಸಿಗಲ್ಲ. ಆಫೀಸಿಗೇ ಕರೆಯೋದಾದ್ರೆ ರಾಂಪ್ ಇದ್ಯಾ, ಲಿಫ್ಟ್ ನಡೀತಿದ್ಯಾ, ಗಾಲಿಕುರ್ಚಿ ಹೋಗೋ ಟಾಯ್ಲೆಟ್ ಇದ್ಯಾ ಹಿಂದಿನ ದಿನವೇ ನೀವೇ ಹೋಗಿ ನೋಡಿ. ಶುಗರ್ ಇರೋರಿಗೆ ಊಟದ ಹೊತ್ತು ಮೀರ್ಬಾರ್ದು.

ಹಂತ 5: ಸ್ಕ್ರೀನ್ ಬರೆಯೋಕೆ ಮುಂಚೆ ಕೇಳಿ

ಮೊದಲ ಸುತ್ತಿಗೆ ಡಿಸೈನ್ ತಗೊಂಡು ಹೋಗ್ಬೇಡಿ. "ಹೋದ ಸಲ ಇಂಥ ಅರ್ಜಿ ಹಾಕಿದ್ದು ಹೇಗೆ, ಮೊದಲಿಂದ ಹೇಳಿ" ಅಂತ ಕೇಳಿ ಸುಮ್ನೆ ಕೂತ್ಕೊಳ್ಳಿ. ಯಾರ ಜೊತೆ ಹೋದ್ರು, ಯಾವ ಕಾಗದ ಇರ್ಲಿಲ್ಲ, ಎಷ್ಟು ದುಡ್ಡು ಯಾರಿಗೆ ಕೊಟ್ರು, ಒಟಿಪಿ ಯಾರಿಗೆ ಬಂತು. ಒಟಿಪಿ ಕಥೆ ಕೇಳಿದ್ರೆ ಸಾಕು, ನಿಮ್ಮ ಅರ್ಧ ಫ್ಲೋ ಬದಲಾಗತ್ತೆ. ನಂಬರ್ ಮಗನದ್ದು, ಮಗ ಬೆಂಗಳೂರಲ್ಲಿ ಶಿಫ್ಟಲ್ಲಿದಾನೆ, ಅಪ್ಪ ಹಾಸನದ ಹಳ್ಳೀಲಿ ಫೋನ್ ಹಿಡ್ಕೊಂಡಿದಾರೆ, ಒಟಿಪಿ ಟೈಮು ಮುಗೀತು. ಇದಕ್ಕೆ ಬಟನ್ ದೊಡ್ಡದು ಮಾಡೋದು ಉತ್ತರ ಅಲ್ಲ. ಒಟಿಪಿಗೆ ಹೆಚ್ಚು ಸಮಯ, ಫೋನ್ ಕರೆಯಲ್ಲಿ ಒಟಿಪಿ ಹೇಳೋದು, ಅರ್ಜಿ ಅರ್ಧಕ್ಕೆ ಸೇವ್ ಆಗಿ ನಾಳೆ ಮುಂದುವರಿಸೋ ಹಾಗಿರೋದು, ಒಪ್ಪಿಗೆ ಕೊಟ್ಟು ಇನ್ನೊಬ್ಬರಿಂದ ಮಾಡ್ಸೋ ದಾರಿ, ಇಂಥವು ಉತ್ತರ. ಇವು ಕೋಡ್ ಬರೆಯೋಕೆ ಮುಂಚೆ ತೀರ್ಮಾನ ಆಗ್ಬೇಕಾದವು.

ಗುರುತು ಖಚಿತಪಡಿಸೋದೂ ಹಾಗೇ. ನಿವೃತ್ತರು ಬದುಕಿದೀವಿ ಅಂತ ತೋರ್ಸೋ ಡಿಜಿಟಲ್ ಪ್ರಮಾಣಪತ್ರ ಜೀವನ್ ಪ್ರಮಾಣ್ 2014ರಲ್ಲಿ ಶುರುವಾದಾಗ ಬೆರಳು ಅಥವಾ ಕಣ್ಣಿನ ಗುರುತು ಬೇಕಿತ್ತು, 2021ರಲ್ಲಿ ಮುಖದ ಗುರುತೂ ಸೇರ್ತು. ಹೊಲದಲ್ಲಿ, ಕಲ್ಲು ಕೆಲ್ಸದಲ್ಲಿ ಸವೆದ ಬೆರಳಿಗೆ ಮಶೀನು ಒಪ್ಪಲ್ಲ, ಅಂಥೋರಿಗೆ ಮುಖ ಅನುಕೂಲ. ಅದೇ ಮುಖದ ಆಪ್ ಕಣ್ಣು ಮಿಟುಕಿಸಿ ಅಂದ್ರೆ ಇನ್ನೊಬ್ಬರಿಗೆ ಆಗಲ್ಲ. ಯಾವ ಒಂದು ವಿಧಾನವೂ ಎಲ್ಲರಿಗೂ ಆಗಲ್ಲ, ಕನಿಷ್ಠ ಎರಡು ದಾರಿ, ಜೊತೆಗೆ ಮನುಷ್ಯರೇ ನೋಡಿ ಒಪ್ಪೋ ಒಂದು ದಾರಿ ಇಟ್ಕೊಳ್ಳಿ.

ಹಂತ 6: ಜೊತೆಗೆ ಕೂತು ಮಾಡಿ

ಸ್ಟಿಕಿ ನೋಟು, ವೈಟ್‌ಬೋರ್ಡು ಇವು ಕಣ್ಣಿರೋರಿಗೆ, ಬರೆಯೋಕೆ ಬರೋರಿಗೆ ಮಾತ್ರ. ಬೇರೆ ದಾರಿ ಇವೆ. ಕಣ್ಣು ಕಾಣದೋರ ಜೊತೆ ಮಾತಿನ ಪ್ರೋಟೋಟೈಪ್ ಮಾಡಿ, ನಿಮ್ಮ ಟೀಮಿನ ಒಬ್ರು ಸ್ಕ್ರೀನ್ ರೀಡರ್ ಆಗಿ ಕೂತು "ಹೆಸರು, ಬರೆಯುವ ಜಾಗ" "ಮುಂದೆ, ಬಟನ್" ಅಂತ ಓದ್ತಾ ಹೋಗೋದು, ಅವರು ಬಲಕ್ಕೆ, ಎಡಕ್ಕೆ, ಒತ್ತಿ ಅಂತ ಹೇಳೋದು. ಕ್ರಮ ಎಲ್ಲಿ ತಪ್ಪಿದೆ, ಎಲ್ಲಿ ಮಾತು ಜಾಸ್ತಿ ಆಯ್ತು ಅನ್ನೋದು ಒಂದು ಸಾಲು ಕೋಡಿಲ್ಲದೆ ಗೊತ್ತಾಗತ್ತೆ. ರಟ್ಟಿನ ಮೇಲೆ ದಾರ ಅಂಟಿಸಿ ಸ್ಕ್ರೀನ್ ಮಾಡಿ ಮುಟ್ಟಿ ನೋಡೋಕೆ ಕೊಟ್ರೂ ಆಗತ್ತೆ. ಹಿರಿಯರ ಜೊತೆ ತಾಲ್ಲೂಕು ಕಚೇರಿ ಕೌಂಟರ್ ಆಟ ಆಡಿ, ಅವರು ಅರ್ಜಿ ಕೊಡೋಕೆ ಬಂದೋರು, ನೀವು ಗುಮಾಸ್ತರು, ಅವರು ಯಾವ ಕ್ರಮದಲ್ಲಿ ಏನು ಹೇಳ್ತಾರೋ ಅದೇ ನಿಮ್ಮ ಫಾರ್ಮಿನ ಕ್ರಮ, ಅವರ ಮಾತೇ ನಿಮ್ಮ ಲೇಬಲ್. "ಫಲಾನುಭವಿಯ ವಿವರ" ಅಂತ ಬರೆದಿದ್ದ ಕಡೆ "ಪಿಂಚಣಿ ಯಾರಿಗೆ?" ಅಂತ ಬರತ್ತೆ.

ಕಿವುಡರಿಗೆ ಎಲ್ಲಾ ಬರ್ದು ಕೊಟ್ರೆ ಆಯ್ತು ಅನ್ನೋ ನಂಬಿಕೆ ಬಿಡಿ. ಹುಟ್ಟಿದಾಗಿಂದ ಕಿವಿ ಕೇಳದ ಎಷ್ಟೋ ಜನಕ್ಕೆ ಶಾಲೆಯಲ್ಲಿ ಸನ್ನೆ ಭಾಷೆ ಸಿಕ್ಕಿರಲ್ಲ, ಬರಹದ ಕನ್ನಡ ಅವರಿಗೆ ಎರಡನೇ ಭಾಷೆ ಥರ. ಚಿಕ್ಕ ವಾಕ್ಯ, ಚಿತ್ರ, ಸನ್ನೆ ಭಾಷೆಯ ವಿಡಿಯೋ, ಮತ್ತೆ ಸಹಾಯಕ್ಕೆ ಬರೀ ಫೋನ್ ನಂಬರ್ ಕೊಡದೆ ಮೆಸೇಜ್ ಅಥವಾ ವಿಡಿಯೋ ಕಾಲ್ ದಾರಿ, ಇದನ್ನೆಲ್ಲಾ ಅವರ ಜೊತೆನೇ ಕೂತು ತೀರ್ಮಾನ ಮಾಡಿ.

ಹಂತ 7: ಟೆಸ್ಟ್ ಮಾಡ್ಸುವಾಗ ಬಾಯಿ ಮುಚ್ಕೊಂಡಿರಿ

ಹೇಳೋಕೆ ಸುಲಭ, ಮಾಡೋಕೆ ಕಷ್ಟ. "ಆಪ್ ಹೇಗಿದೆ?" ಅಂತ ಕೇಳ್ಬೇಡಿ, "ಚೆನ್ನಾಗಿದೆ ಕಣಪ್ಪ" ಅಂತಾರೆ, ಮನೆಗೆ ಬಂದ ಹುಡುಗನ ಮನಸ್ಸು ನೋಯಿಸೋದು ಯಾಕೆ ಅಂತ. ಕೆಲ್ಸ ಕೊಡಿ: ಈ ಡಮ್ಮಿ ಕಾರ್ಡಿನ ಫೋಟೋ ಹಾಕಿ, ಅರ್ಜಿ ಎಲ್ಲಿಗೆ ಬಂತು ನೋಡಿ. ಆಮೇಲೆ ನೋಡ್ತಾ ಕೂರಿ. ಕೈಯಿಂದ ಫೋನ್ ಕಿತ್ಕೊಂಡು ಇಲ್ಲಿ ಒತ್ತಿ ಅಜ್ಜಿ ಅನ್ನೋದು ಮಹಾ ತಪ್ಪು. ಪಕ್ಕದಲ್ಲಿ ಮಗ ಕೂತಿದ್ರೆ ಅವನ ಹತ್ರ ಮಾತಾಡ್ಬೇಡಿ, ಅನುವಾದಕರಿದ್ರೂ ಕಣ್ಣು ಕಿವುಡರ ಕಡೆನೇ ಇರ್ಲಿ. ಕಣ್ಣು ಕಾಣದೋರ ಕೈ ಹಿಡಿದು ಎಳೀಬೇಡಿ, ಕೇಳಿ, ಅವರೇ ನಿಮ್ಮ ಮೊಣಕೈ ಹಿಡ್ಕೊಳ್ತಾರೆ.

ಹಿರಿಯರು ಎಲ್ಲೋ ನಿಂತ್ರೆ "ನನಗೇ ಗೊತ್ತಾಗಲ್ಲ ಬಿಡಿ, ಓದಿಲ್ಲ" ಅಂತ ತಪ್ಪನ್ನ ತಮ್ಮ ಮೇಲೆ ಹಾಕ್ಕೊಳ್ತಾರೆ. ಅಂಥ ಪ್ರತಿ ಮಾತೂ ನಿಮ್ಮ ಆಪ್‌ನ ಒಂದು ಬಗ್, ಟೈಮ್ ಸಮೇತ ಬರ್ಕೊಳ್ಳಿ. ಹಿರಿಯರು ಹುಟ್ಟಿದ ದಿನಾಂಕ ಹಾಕೋಕೆ ಕ್ಯಾಲೆಂಡರಲ್ಲಿ ಒಂದೊಂದೇ ತಿಂಗಳು ಹಿಂದೆ ಹೋಗಿ 1950 ತಲುಪೋಕೆ ಒದ್ದಾಡೋದನ್ನ ಒಂದು ಸಲ ನೋಡಿದ ಡೆವಲಪರು ಮತ್ತೆ ಆ ಕ್ಯಾಲೆಂಡರ್ ಹಾಕಲ್ಲ, ಅದಕ್ಕೇ ಡೆವಲಪರ್‌ಗಳನ್ನ ಸರದಿ ಮೇಲೆ ಕರ್ಕೊಂಡು ಹೋಗಿ, ಆದ್ರೆ ಒಂದು ಸಲಕ್ಕೆ ಇಬ್ಬರಿಗಿಂತ ಜಾಸ್ತಿ ಬೇಡ, ಸುತ್ತ ಐದು ಜನ ನೋಡ್ತಾ ನಿಂತ್ರೆ ಯಾರ ಕೈಯಾದ್ರೂ ನಡುಗತ್ತೆ.

ಹಂತ 8: ಕನ್ನಡಕ್ಕೇ ಅಂತ ನೋಡ್ಬೇಕಾದವು

ಇದನ್ನ ಇಂಗ್ಲಿಷ್ ಗೈಡ್‌ಗಳು ಹೇಳಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ನುಡಿ, ಬರಹ ಅನ್ನೋ ಸಾಫ್ಟ್‌ವೇರ್‌ಗಳ ಹಳೇ ಫಾಂಟಲ್ಲಿ ಟೈಪ್ ಮಾಡಿದ ಆದೇಶಗಳು ಕಣ್ಣಿಗೆ ಕನ್ನಡ, ಒಳಗೆ ಇರೋದು ಇಂಗ್ಲಿಷ್ ಚಿಹ್ನೆಗಳು, ಸ್ಕ್ರೀನ್ ರೀಡರ್ ಅದನ್ನ ಅರ್ಥ ಇಲ್ಲದ ಶಬ್ದ ಮಾಡಿ ಓದತ್ತೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಬರೀ ಚಿತ್ರ, ಏನೂ ಓದಲ್ಲ. ಆಪ್‌ನಲ್ಲಿ ಲಿಂಕ್ ಕೊಡೋ ಪ್ರತಿ ದಾಖಲೆಯೂ ಯೂನಿಕೋಡ್ ಕನ್ನಡದಲ್ಲಿರ್ಬೇಕು. ವೆಬ್ ಪುಟದ ಭಾಷೆ ಕನ್ನಡ ಅಂತ ಕೋಡಲ್ಲಿ ಗುರುತು ಹಾಕದಿದ್ರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲೇ ಓದೋಕೆ ಹೊರಡಬಹುದು, ಒಂದು ಪದದ ಕೆಲಸ ಅದು. ವಿಂಡೋಸಲ್ಲಿ ಉಚಿತವಾಗಿ ಸಿಗೋ ಸ್ಕ್ರೀನ್ ರೀಡರ್ ಎನ್‌ವಿಡಿಎ, ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಎರಡರಲ್ಲೂ ಕನ್ನಡ ದನಿ ಹಾಕಿ ಟೀಮಿನೋರು ಪ್ರತಿ ವಾರ ಕಣ್ಣು ಮುಚ್ಕೊಂಡು ಕೇಳಿ, ಇದು ಜನರ ಟೆಸ್ಟಿಂಗ್‌ಗೆ ಬದಲಿ ಅಲ್ಲ, ಲೇಬಲ್ ಇಲ್ಲದ ಬಟನ್ ಥರದ ಸಣ್ಣ ತಪ್ಪಿಗೆ ಅವರ ಸಮಯ ಹಾಳು ಮಾಡ್ಬಾರ್ದು ಅಂತ.

ಅಕ್ಷರ ಎರಡರಷ್ಟು ದೊಡ್ಡದು ಮಾಡಿ ನೋಡಿ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯತ್ತೆ, ಇಂಗ್ಲಿಷಿಗೆ ಅಳತೆ ಮಾಡಿದ ಬಟನಲ್ಲಿ "ಅರ್ಜಿ ಸಲ್ಲಿಸಿ" ಅನ್ನೋದರ ಕೆಳಗಿನ ಒತ್ತು ಕತ್ತರಿಸಿ ಹೋಗತ್ತೆ. ಕನ್ನಡ ಪದಗಳು ಉದ್ದ, ಬಟನ್ ಒಳಗೆ ಹಿಡಿಸ್ದೆ ಮೂರು ಚುಕ್ಕಿ ಬರತ್ತೆ. ಡಬ್ಲ್ಯೂಸಿಎಜಿ 2.2 (ವೆಬ್ ಎಲ್ಲರಿಗೂ ಬಳಸೋಕೆ ಆಗೋ ಹಾಗೆ ಮಾಡೋಕಿರೋ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5:1 ಇರ್ಬೇಕು, ಒತ್ತೋ ಜಾಗ ಕನಿಷ್ಠ 24 ಪಿಕ್ಸೆಲ್, ಆಂಡ್ರಾಯ್ಡ್ ಹೇಳೋದು ಅದರದ್ದೇ ಅಳತೆ ಡಿಪಿಯಲ್ಲಿ 48, ನಡುಗೋ ಬೆರಳಿಗೆ ಆ 48 ಇರ್ಲಿ. ವಕ್ರ ಅಕ್ಷರದ ಕ್ಯಾಪ್ಚಾ ತೆಗೀರಿ. ಟೈಪಿಂಗ್ ಬರದ ಹಿರಿಯರು ಮೈಕ್ ಒತ್ತಿ ಮಾತಾಡ್ತಾರೆ, ಧಾರವಾಡದ ಮಾತು ಮಂಗಳೂರಿನ ಮಾತು ಎರಡಕ್ಕೂ ಅದು ಕೆಲ್ಸ ಮಾಡತ್ತಾ ಅಂತ ಆ ಊರಿನೋರ ಹತ್ರನೇ ನೋಡಿ.

ಹಂತ 9: ಕೇಳಿದ್ದನ್ನ ಏನು ಮಾಡ್ತೀರಿ

ಎಲ್ಲಾ ಬರ್ಕೊಂಡು ವರದಿ ಮಾಡಿ ಡ್ರೈವಲ್ಲಿ ಇಟ್ರೆ ಏನೂ ಆಗಲ್ಲ. ಸಿಕ್ಕಿದ ತೊಂದರೆಗಳನ್ನ ಎರಡೇ ಗುಂಪು ಮಾಡಿ: ಕೆಲ್ಸ ಪೂರ್ತಿ ನಿಂತೇ ಹೋಯ್ತು, ಕಷ್ಟಪಟ್ಟು ಆಯ್ತು. ಮೊದಲ ಗುಂಪಲ್ಲಿ ಒಬ್ಬರಿಗೇ ಆಗಿದ್ರೂ ಸರಿ, ಅದು ಸರಿಯಾಗದೆ ಲಾಂಚ್ ಇಲ್ಲ ಅಂತ ಹಂತ 1ರಲ್ಲಿ ಹೆಸರು ಬರ್ದಿಟ್ಟ ಅಧಿಕಾರಿಯಿಂದ ಒಪ್ಪಿಗೆ ತಗೊಳ್ಳಿ. ಎಂಟು ಜನರಲ್ಲಿ ಒಬ್ಬರಿಗೆ ತಾನೆ ಅನ್ನೋ ವಾದ ಇಲ್ಲಿ ನಿಲ್ಲಲ್ಲ, ಆ ಒಬ್ರ ಹಿಂದೆ ಅದೇ ಸ್ಥಿತಿಯ ಸಾವಿರಾರು ಜನ ಇದಾರೆ.

ಕೆಲವು ಸಲ ಇಬ್ಬರ ಬೇಡಿಕೆ ಒಂದಕ್ಕೊಂದು ಎದುರಾಗತ್ತೆ. ಮಂಜು ಕಾಣೋರಿಗೆ ಕಪ್ಪು ಹಿನ್ನೆಲೆ ಬೇಕು, ಅಜ್ಜನಿಗೆ ಬಿಳಿ ಬೇಕು. ನೀವೇ ತೀರ್ಮಾನ ಮಾಡ್ಬೇಡಿ, ಇಬ್ಬರನ್ನೂ ಕೂರಿಸಿ ತೋರ್ಸಿ, ಹೆಚ್ಚಿನ ಸಲ ಫೋನಿನ ಸೆಟ್ಟಿಂಗ್‌ನ ಆಪ್ ಗೌರವಿಸಿದ್ರೆ ಸಾಕಾಗತ್ತೆ.

ಆಮೇಲೆ ಬಂದಿದ್ದ ಪ್ರತಿಯೊಬ್ಬರಿಗೂ ಫೋನ್ ಮಾಡಿ, ಅಥವಾ ಅವರಿಗೆ ಆಗೋ ದಾರಿಯಲ್ಲಿ, "ನೀವು ಹೇಳಿದ ಈ ಮೂರು ಬದಲಾಯ್ತು, ಇದೊಂದು ಈ ಕಾರಣಕ್ಕೆ ಆಗ್ಲಿಲ್ಲ" ಅಂತ ತಿಳಿಸಿ. ಈ ಕೆಲ್ಸ ಮಾಡೋ ಟೀಮ್‌ಗಳು ಬಹಳ ಕಮ್ಮಿ, ಮಾಡಿದೋರಿಗೆ ಎರಡನೇ ಸುತ್ತಿಗೆ ಜನ ಹುಡುಕೋ ತಲೆನೋವಿಲ್ಲ.

ಹಂತ 10: ಲಾಂಚ್ ಆದ್ಮೇಲೆ

ಪ್ರತಿ ಅಪ್‌ಡೇಟೂ ಏನಾದ್ರೂ ಮುರಿಯತ್ತೆ. ನಿನ್ನೆವರೆಗೂ "ಮುಂದೆ, ಬಟನ್" ಅಂತಿದ್ದದ್ದು ಇವತ್ತು ಬರೀ "ಬಟನ್" ಅನ್ನತ್ತೆ, ಕಣ್ಣಿರೋರಿಗೆ ಗೊತ್ತೇ ಆಗಲ್ಲ. ಹಾಗಾಗಿ ಸಂಭಾವನೆ ಕೊಟ್ಟು ಆರೇಳು ಜನರ ಒಂದು ಗುಂಪು ಇಟ್ಕೊಳ್ಳಿ, ದೊಡ್ಡ ಅಪ್‌ಡೇಟ್ ಹೊರಗೆ ಹೋಗೋಕೆ ಮುಂಚೆ ಅವರ ಕೈಗೆ ಹೋಗ್ಲಿ, ವರ್ಷಕ್ಕೊಮ್ಮೆ ಅರ್ಧ ಜನ ಬದಲಾಗ್ಲಿ. ದೂರು ಹೇಳೋ ದಾರಿ ಆಪ್ ಒಳಗೆ ಮಾತ್ರ ಇದ್ರೆ ಆಪೇ ಓಪನ್ ಆಗದೋರು ಎಲ್ಲಿ ಹೇಳ್ಬೇಕು? ಕರೆ, ಮೆಸೇಜ್, ಗ್ರಾಮ ಒನ್ ಕೌಂಟರ್ ಮೂರೂ ಇರ್ಲಿ, ಬಂದ ದೂರು ಡೆವಲಪರ್ ಪಟ್ಟಿಗೆ ನೇರ ಸೇರ್ಲಿ. ಆಪ್ ಬಂತು ಅಂತ ಕೌಂಟರ್ ಮುಚ್ಚೋಕೆ ಬಿಡ್ಬೇಡಿ, ಫೋನೇ ಬೇಡ ಅನ್ನೋ ಹಕ್ಕೂ ಹಿರಿಯರಿಗಿದೆ.

ಟೀಮಿಗೆ ಮುಂದಿನ ಸಲ ಆಳು ತಗೊಳ್ಳುವಾಗ ಟೆಸ್ಟರ್ರೋ ಡಿಸೈನರ್ರೋ ಒಂದು ಹುದ್ದೆ ವಿಕಲಚೇತನರಿಗೆ ಅಂತ ಇಡಿ. ಅದಕ್ಕೂ ಮುಂಚೆ ನಿಮ್ಮ ಕೆಲಸದ ಅರ್ಜಿ ಫಾರ್ಮನ್ನ ಟಾಕ್‌ಬ್ಯಾಕಲ್ಲಿ ತುಂಬೋಕಾಗತ್ತಾ ಅಂತ ಒಂದ್ಸಲ ನೋಡಿ.